ಕರುಣೆಗೂ ಕಲಿಕೆ ಬೇಕು

ಸಂತ ಕಮಿಲ್ಲಸರ ಹಬ್ಬದ ಸಂದರ್ಭದಲ್ಲಿ, ನರರೋಗಿಗಳ ಶುಶ್ರೂಷೆ ನಡೆದು ಬಂದ ದಾರಿಯ ಒಂದು ನೋಟ

ಜುಲೈ 14 ಸಂತ ಕಮಿಲ್ಲಸರ ಹಬ್ಬ. ರೋಗಿಗಳ, ಆಸ್ಪತ್ರೆಗಳ ಹಾಗೂ ಶುಶ್ರೂಷಕರ ಪಾಲಕ ಸಂತರೆಂದು ಧರ್ಮಸಭೆ ಅವರನ್ನು ಗೌರವಿಸುತ್ತದೆ. ಈ ಹಬ್ಬದಂದು ನಾವು ರೋಗಿಗಳಿಗಾಗಿ ಬಲಿಪೂಜೆ ಅರ್ಪಿಸುತ್ತೇವೆ. ನಮ್ಮ ಧರ್ಮಕೇಂದ್ರದ ನರ್ಸುಗಳನ್ನು ಮುಂದೆ ಕರೆದು, ಹೂವೊಂದನ್ನು ಕೈಗಿತ್ತು ಚಪ್ಪಾಳೆ ತಟ್ಟುತ್ತೇವೆ. ಅವರ ತ್ಯಾಗ, ತಾಳ್ಮೆ, ನಗುಮುಖಗಳನ್ನು ಹೊಗಳುತ್ತೇವೆ. ಇವೆಲ್ಲವೂ ಸರಿಯೇ. ಆದರೆ ಅವರ ವಿದ್ಯೆಯನ್ನು ಹೊಗಳುವುದು ಬಹಳ ಅಪರೂಪ. ಪ್ರೀತಿಯಿದ್ದರೆ ಸಾಕು, ಸೇವೆ ತಾನಾಗಿಯೇ ಬರುತ್ತದೆ ಎಂಬ ಭಾವನೆ ನಮ್ಮೆಲ್ಲರಲ್ಲೂ ಎಲ್ಲೋ ಇದೆ. ಆ ಭಾವನೆ ಎಷ್ಟು ಅಪಾಯಕಾರಿ ಎಂಬುದನ್ನು ನಾವು ಕಲಿತದ್ದು ಒಂದು ಮನೆಯ ಹಾಸಿಗೆಯ ಬಳಿ.

ಕೆಲವು ವರ್ಷಗಳ ಹಿಂದೆ ಒಂದು ಹಬ್ಬದ ಮರುದಿನ, ಲಕ್ವ ಹೊಡೆದು ಆಸ್ಪತ್ರೆಯಲ್ಲಿದ್ದು ಮನೆಗೆ ಮರಳಿದ್ದ ಹಿರಿಯರೊಬ್ಬರಿಗೆ ಪರಮಪ್ರಸಾದ ಕೊಡಲು ನಾವು ಹೋಗಿದ್ದೆವು. ಮನೆಯವರು ಮೇಣದ ಬತ್ತಿ ಹಚ್ಚಿ, ಮೇಜಿಗೆ ಬಿಳಿಯ ಬಟ್ಟೆ ಹಾಸಿ ಕಾದಿದ್ದರು. ಹಿರಿಯರ ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಮಾತು ಹೊರಡುತ್ತಿರಲಿಲ್ಲ. ರಜೆಗೆ ಊರಿಗೆ ಬಂದಿದ್ದ ನೆರೆಮನೆಯ ಮಗಳೊಬ್ಬಳು ಅಲ್ಲಿದ್ದಳು. ನರರೋಗಿಗಳ ವಾರ್ಡಿನಲ್ಲಿ ತರಬೇತಿ ಪಡೆದ ನರ್ಸ್ ಅವಳು. ನಾವು ಪ್ರಾರ್ಥನೆ ಮುಗಿಸಿ ಪರಮಪ್ರಸಾದದ ಪಾತ್ರೆ ತೆರೆಯುವಷ್ಟರಲ್ಲಿ "ಫಾದರ್, ಒಂದು ನಿಮಿಷ ತಾಳಿ" ಎಂದಳು.

ಅವಳು ಹಿರಿಯರನ್ನು ನೆಟ್ಟಗೆ ಕೂರಿಸಿ, ಬಲಬದಿಗೆ ದಿಂಬು ಒತ್ತಿಟ್ಟಳು. "ಅಂಕಲ್, ಒಂದು ಸಲ ಕೆಮ್ಮಿ, ಆ ಅನ್ನಿ" ಎಂದಳು. ಒಂದು ಚಮಚ ನೀರು ಕೊಟ್ಟು, ಗಂಟಲ ಮೇಲೆ ಬೆರಳಿಟ್ಟು, ಮತ್ತೆ ಆ ಅನ್ನಿಸಿದಳು. ಸ್ವರ ಗೊರಗೊರ ಎನ್ನುತ್ತಿತ್ತು. "ಈಗ ಬಾಯಿಗೆ ಏನೂ ಬೇಡ ಫಾದರ್. ನೀರು ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಇಳಿಯುತ್ತಿದೆ" ಎಂದಳು. ಆಗ ಹಿರಿಯರ ಹೆಂಡತಿ, ಎರಡು ದಿನಗಳಿಂದ ಮಲಗಿಸಿಯೇ ಗಂಜಿ ಕುಡಿಸುತ್ತಿದ್ದುದನ್ನೂ, ಸಂಜೆಯಾದರೆ ಜ್ವರ ಬರುತ್ತಿದ್ದುದನ್ನೂ ಹೇಳಿದರು. ಅಂದು ನಾವು ಅವರಿಗಾಗಿ ಆಧ್ಯಾತ್ಮಿಕ ಪರಮಪ್ರಸಾದದ ಪ್ರಾರ್ಥನೆ ಮಾತ್ರ ಹೇಳಿ, ಅವರನ್ನು ಆಸ್ಪತ್ರೆಗೆ ಸೇರಿಸಿ ಬಂದೆವು. ನ್ಯುಮೋನಿಯಾ ಆಗಲೇ ಶುರುವಾಗಿತ್ತು. ದೇವರ ದಯದಿಂದ ಗುಣವಾಯಿತು. ನಾವು ಹೋದದ್ದು ಭಕ್ತಿಯಿಂದ, ಮನೆಯವರು ಗಂಜಿ ಕುಡಿಸಿದ್ದು ಪ್ರೀತಿಯಿಂದ. ಆದರೆ ಆ ಹಿರಿಯರನ್ನು ಉಳಿಸಿದ್ದು ಒಬ್ಬ ನರ್ಸ್ ಕಲಿತಿದ್ದ ವಿದ್ಯೆ. ಆ ವಿದ್ಯೆ ಎಲ್ಲಿಂದ ಬಂತು ಎಂಬುದನ್ನು ಈ ಹಬ್ಬದಲ್ಲಿ ನೆನೆಯುವುದು ಉಚಿತವೆಂದು ಭಾವಿಸಿದ್ದೇವೆ.

ಶುಭಸಂದೇಶದ ಇಬ್ಬರು ರೋಗಿಗಳು

ಶುಭಸಂದೇಶಗಳಲ್ಲಿ ನರರೋಗಿಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ. ಸಂತ ಮಾರ್ಕರ ಎರಡನೆಯ ಅಧ್ಯಾಯದಲ್ಲಿ ಬರುವ ಕಫೆರ್ನವುಮಿನ ಪಾರ್ಶ್ವವಾಯು ರೋಗಿ ನಮಗೆಲ್ಲ ಪರಿಚಿತ. ಅವನನ್ನು ನಾಲ್ವರು ಹೊತ್ತು ತಂದರು. ಜನಸಂದಣಿಯಲ್ಲಿ ದಾರಿ ಸಿಗದೆ ಮನೆಯ ಚಾವಣಿ ಬಿಚ್ಚಿ ಹಾಸಿಗೆಯನ್ನು ಕೆಳಗಿಳಿಸಿದರು. ಅಲುಗಾಡಲಾರದ ಒಬ್ಬನನ್ನು ಬೀಳಿಸದೆ, ವಾಲಿಸದೆ ಚಾವಣಿಯಿಂದ ಇಳಿಸುವುದು ಬರೀ ಉತ್ಸಾಹದ ಕೆಲಸವಲ್ಲ. ನಾಲ್ವರ ಕೈಗಳೂ ಒಂದೇ ಲಯದಲ್ಲಿ ನಡೆಯಬೇಕು. ಅವರ ವಿಶ್ವಾಸವನ್ನು ಕಂಡು ಯೇಸುಸ್ವಾಮಿ ಆ ರೋಗಿಯನ್ನು ಹರಸಿದರೆಂದು ಸಂತ ಮಾರ್ಕರು ಬರೆಯುತ್ತಾರೆ.

ಒಂಬತ್ತನೆಯ ಅಧ್ಯಾಯದಲ್ಲಿ ಇನ್ನೊಬ್ಬ ರೋಗಿಯಿದ್ದಾನೆ. ತಂದೆಯೊಬ್ಬ ತನ್ನ ಮಗನನ್ನು ಕರೆತರುತ್ತಾನೆ. ಹುಡುಗ ನೆಲಕ್ಕೆ ಬೀಳುತ್ತಾನೆ, ಬಾಯಲ್ಲಿ ನೊರೆ ಬರುತ್ತದೆ, ಹಲ್ಲು ಕಡಿಯುತ್ತಾನೆ, ಮೈ ಸೆಟೆದುಕೊಳ್ಳುತ್ತದೆ. ಮೂರ್ಛೆರೋಗದ ಇಂತಹ ನಿಖರವಾದ ವರ್ಣನೆ ಹಳೆಯ ಗ್ರಂಥಗಳಲ್ಲಿ ಅಪರೂಪ. ಅಲ್ಲಿ ಯೇಸುಸ್ವಾಮಿ ಮಾಡಿದ ಒಂದು ಕೆಲಸ ನಮ್ಮ ಕಣ್ಣಿಗೆ ಬೀಳದೆ ಹೋಗುತ್ತದೆ. ಗುಣಪಡಿಸುವ ಮೊದಲು, ಇದು ಎಷ್ಟು ಕಾಲದಿಂದ ಹೀಗಿದೆ ಎಂದು ಅವರು ತಂದೆಯನ್ನು ವಿಚಾರಿಸುತ್ತಾರೆ. ತಂದೆ ಚಿಕ್ಕಂದಿನಿಂದಲೂ ಹೀಗೆಯೇ ಎನ್ನುತ್ತಾನೆ, ಬೆಂಕಿಗೂ ನೀರಿಗೂ ಬಿದ್ದುದನ್ನು ಹೇಳುತ್ತಾನೆ. ಮೂರ್ಛೆರೋಗಿಯ ಮನೆಯವರನ್ನು ಇಂದು ತರಬೇತಿ ಪಡೆದ ನರ್ಸ್ ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ದೇವಪುತ್ರರೇ ಕೇಳಿ ತಿಳಿದುಕೊಂಡರು ಎಂದ ಮೇಲೆ, ಕೇಳದೆಯೇ ಎಲ್ಲವೂ ನಮಗೆ ಗೊತ್ತು ಎನ್ನಲು ನಾವು ಯಾರು?

ಕಾಲು ಗಾಯದ ಸೈನಿಕ

ಸಂತ ಕಮಿಲ್ಲಸ್ ದೆ ಲೆಲ್ಲಿಸ್ 1550ರಲ್ಲಿ ಇಟಲಿಯ ಬುಕ್ಕಿಯಾನಿಕೊ ಎಂಬಲ್ಲಿ ಹುಟ್ಟಿದರು. ತಂದೆಯಂತೆ ಸೈನಿಕರಾದರು, ಜೂಜಿನಲ್ಲಿ ಇದ್ದದ್ದನ್ನೆಲ್ಲ ಕಳೆದುಕೊಂಡರು. ಕಾಲಿನಲ್ಲಾದ ಗಾಯವೊಂದು ಜೀವನಪರ್ಯಂತ ಮಾಯಲಿಲ್ಲ. ಆ ಗಾಯವೇ ಅವರನ್ನು ರೋಮ್ ನಗರದ ಸಂತ ಯಕೋಬರ ಆಸ್ಪತ್ರೆಗೆ ತಂದಿತು. ಗುಣವಾಗದ ರೋಗಿಗಳಿಗೆಂದೇ ಇದ್ದ ಆಸ್ಪತ್ರೆ ಅದು. ರೋಗಿಯಾಗಿ ಬಂದವರು ಅಲ್ಲಿಯೇ ಸೇವಕರಾದರು, 1575ರಲ್ಲಿ ಮನಃಪರಿವರ್ತನೆ ಹೊಂದಿದರು, 1584ರಲ್ಲಿ ಗುರುದೀಕ್ಷೆ ಪಡೆದರು. ಕೂಲಿಗಾಗಿ ದುಡಿಯುವ ಆಳುಗಳು ರೋಗಿಗಳನ್ನು ಕಡೆಗಣಿಸುತ್ತಿದ್ದುದನ್ನು ಕಂಡು, ಪ್ರೀತಿಗಾಗಿ ದುಡಿಯುವವರ ಒಂದು ಸಂಘವನ್ನು ಕಟ್ಟಿದರು. ನಿಲುವಂಗಿಯ ಮೇಲೆ ಅವರು ಧರಿಸಿದ ಕೆಂಪು ಶಿಲುಬೆ ಇಂದಿಗೂ ಅವರ ಸಭೆಯವರ ಎದೆಯ ಮೇಲಿದೆ.

ತಾಯಿ ತನ್ನ ಒಬ್ಬನೇ ಮಗನನ್ನು ನೋಡಿಕೊಳ್ಳುವಂತೆ ರೋಗಿಯನ್ನು ನೋಡಿಕೊಳ್ಳಿ ಎಂದು ಅವರು ಸಂಗಡಿಗರಿಗೆ ಬೋಧಿಸುತ್ತಿದ್ದರು. ಇದನ್ನು ನಾವು ಅನೇಕ ಪ್ರಬೋಧನೆಗಳಲ್ಲಿ ಕೇಳಿದ್ದೇವೆ. ಅವರ ಇನ್ನೊಂದು ಗುಣವನ್ನು ಕೇಳಿರುವುದು ಕಡಿಮೆ. ಪ್ರಜ್ಞೆ ತಪ್ಪಿದವರನ್ನು ಸತ್ತವರೆಂದು ತಿಳಿದು, ಜೀವವಿರುವಾಗಲೇ ಹೂಳುವುದು ಆ ಕಾಲದಲ್ಲಿ ನಡೆಯುತ್ತಿತ್ತು. ಕಮಿಲ್ಲಸರು ಇದನ್ನು ಗಮನಿಸಿ, ಕೊನೆಯುಸಿರು ಎಳೆದಂತೆ ಕಂಡರೂ ಕಾಲು ಗಂಟೆ ಕಾಯಬೇಕು, ಕೂಡಲೇ ಮುಖಕ್ಕೆ ಬಟ್ಟೆ ಮುಚ್ಚಬಾರದು, ಪ್ರಾರ್ಥನೆ ಮುಂದುವರಿಸಬೇಕು ಎಂದು ತಮ್ಮವರಿಗೆ ಅಪ್ಪಣೆ ಮಾಡಿದರೆಂದು ಅವರ ಚರಿತ್ರೆಯಲ್ಲಿ ಓದುತ್ತೇವೆ. ಪ್ರಜ್ಞೆಯಿಲ್ಲದವನನ್ನು ತಾಳ್ಮೆಯಿಂದ ಗಮನಿಸಬೇಕೆಂಬ ನಿಯಮ ಅದು. ನರರೋಗ ಶುಶ್ರೂಷೆಯ ಮೊದಲ ಪಾಠವೂ ಅದೇ.

ಒಬ್ಬ ಅಜ್ಜಿಯ ಲಕ್ವದಿಂದ ಹುಟ್ಟಿದ ಆಸ್ಪತ್ರೆ

ಕಮಿಲ್ಲಸರ ಕಾಲದ ನಂತರವೂ ಲಕ್ವ ಹೊಡೆದವರಿಗೆ, ಮೂರ್ಛೆರೋಗಿಗಳಿಗೆ ಆಸ್ಪತ್ರೆಗಳಲ್ಲಿ ಜಾಗ ಸಿಗುವುದು ಕಷ್ಟವಾಗಿತ್ತು. ಗುಣವಾಗುವ ಭರವಸೆಯಿಲ್ಲದವರು ಹಾಸಿಗೆ ಹಿಡಿದಿಡುತ್ತಾರೆ ಎಂಬುದು ಆಸ್ಪತ್ರೆಗಳ ಲೆಕ್ಕಾಚಾರ. ಲಂಡನ್ನಿನಲ್ಲಿ ಜೊಹಾನ್ನಾ ಚಾಂಡ್ಲರ್, ಅವರ ತಂಗಿ ಲೂಯಿಸಾ ಮತ್ತು ಸಹೋದರ ಎಡ್ವರ್ಡ್ ಎಂಬುವರು ತಮ್ಮನ್ನು ಸಾಕಿದ ಅಜ್ಜಿಗೆ ಲಕ್ವ ಹೊಡೆದಾಗ ಈ ಕಷ್ಟವನ್ನು ಕಣ್ಣಾರೆ ಕಂಡರು. ಅವರೇನೂ ಸಿರಿವಂತರಲ್ಲ. ಮಣಿಗಳಿಂದ ಸಣ್ಣಪುಟ್ಟ ಅಲಂಕಾರದ ವಸ್ತುಗಳನ್ನು ಮಾಡಿ ಮಾರಿ ಹಣ ಕೂಡಿಸಿದರು. ಲಂಡನ್ನಿನ ಮೇಯರರನ್ನು ಕಂಡು ಬೇಡಿಕೊಂಡರು. ಅವರ ಶ್ರಮದಿಂದ 1859ರಲ್ಲಿ ಸಂಸ್ಥೆಯೊಂದು ಹುಟ್ಟಿ, 1860ರಲ್ಲಿ ಕ್ವೀನ್ ಸ್ಕ್ವೇರ್ ಎಂಬಲ್ಲಿ ಲಕ್ವ ಮತ್ತು ಮೂರ್ಛೆ ರೋಗಿಗಳ ಆಸ್ಪತ್ರೆಯಾಗಿ ಬಾಗಿಲು ತೆರೆಯಿತು. ಇಂದು ಜಗತ್ತಿನ ಪ್ರಸಿದ್ಧ ನರರೋಗ ಆಸ್ಪತ್ರೆಗಳಲ್ಲಿ ಅದೂ ಒಂದು.

ಅದೇ 1860ರಲ್ಲಿ, ಅದೇ ಲಂಡನ್ನಿನಲ್ಲಿ, ಸಂತ ತೋಮಾಸರ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರ ನರ್ಸಿಂಗ್ ಶಾಲೆಯೂ ಆರಂಭವಾಯಿತು. ಒಂದು ಕಡೆ ನರರೋಗಿಗಳಿಗೆಂದೇ ಹಾಸಿಗೆ, ಇನ್ನೊಂದು ಕಡೆ ಶುಶ್ರೂಷೆಯನ್ನು ವಿದ್ಯೆಯಾಗಿ ಕಲಿಸುವ ಶಾಲೆ. ಈ ಎರಡು ಹೊಳೆಗಳು ಸೇರಲು ಇನ್ನೂ ಹಲವು ದಶಕಗಳು ಬೇಕಾದವು.

ನಮ್ಮನ್ನು ಚುಚ್ಚಿದ ಒಂದು ಆಪಾದನೆ

ಇಲ್ಲಿ ನಾವು ಒಂದು ಕಹಿ ಅಧ್ಯಾಯವನ್ನು ಪ್ರಾಮಾಣಿಕವಾಗಿ ನೆನೆಯಬೇಕು. ಫ್ರಾನ್ಸಿನ ಪ್ಯಾರಿಸ್ ನಗರದಲ್ಲಿ ಸಾಲ್ಪೆಟ್ರಿಯೇರ್ ಎಂಬ ದೊಡ್ಡ ಆಸ್ಪತ್ರೆಯಿದೆ. ಅಲ್ಲಿ ಶಾರ್ಕೊ ಎಂಬ ವೈದ್ಯರು ನರರೋಗಗಳ ಅಧ್ಯಯನಕ್ಕೆ ಹೊಸ ದಾರಿ ತೋರಿಸಿದರು. 1882ರಲ್ಲಿ ಅವರಿಗೆಂದೇ ನರರೋಗಗಳ ಪ್ರಾಧ್ಯಾಪಕ ಪೀಠ ಸ್ಥಾಪನೆಯಾಯಿತು. ಅವರ ಶಿಷ್ಯರಾದ ಬೂರ್ನ್‌ವೀಲ್ ಮೂರ್ಛೆರೋಗದ ಮಕ್ಕಳಿಗಾಗಿ, ಬುದ್ಧಿಮಾಂದ್ಯ ಮಕ್ಕಳಿಗಾಗಿ ದುಡಿದವರು. ಅವರು 1878ರಲ್ಲಿ ಸಾಲ್ಪೆಟ್ರಿಯೇರ್ ಮತ್ತು ಬಿಸೆತ್ರ್ ಆಸ್ಪತ್ರೆಗಳಲ್ಲಿ ನರ್ಸಿಂಗ್ ಶಾಲೆಗಳನ್ನು ತೆರೆದರು. ನರರೋಗಿಗಳ ಆಸ್ಪತ್ರೆಯಲ್ಲಿಯೇ ಶುಶ್ರೂಷೆಯ ಪಾಠ ಶುರುವಾದುದು ಹೀಗೆ.

ಆದರೆ ಬೂರ್ನ್‌ವೀಲ್ ಧರ್ಮಸಭೆಯ ಕಟುವಿರೋಧಿ. ಕನ್ಯಾಸ್ತ್ರೀಯರಿಗೆ ಭಕ್ತಿಯಿದೆ, ವಿಜ್ಞಾನ ಗೊತ್ತಿಲ್ಲ, ಆದ್ದರಿಂದ ಅವರನ್ನು ಆಸ್ಪತ್ರೆಗಳಿಂದ ಕಳುಹಿಸಬೇಕು ಎಂಬುದು ಅವರ ವಾದ. ಮುಂದಿನ ಮೂರು ದಶಕಗಳಲ್ಲಿ ಪ್ಯಾರಿಸಿನ ಸಾರ್ವಜನಿಕ ಆಸ್ಪತ್ರೆಗಳಿಂದ ಕನ್ಯಾಸ್ತ್ರೀಯರು ಒಂದೊಂದಾಗಿ ಹೊರಬರಬೇಕಾಯಿತು. ಶತಮಾನಗಳ ಕಾಲ ಬಡರೋಗಿಗಳ ಕೈಹಿಡಿದಿದ್ದವರಿಗೆ ಇದು ದೊಡ್ಡ ಅನ್ಯಾಯ. ಆ ವಾದದಲ್ಲಿ ರಾಜಕೀಯವಿತ್ತು, ದ್ವೇಷವೂ ಇತ್ತು. ಆದರೂ ಅದರೊಳಗಿದ್ದ ಒಂದು ಮುಳ್ಳನ್ನು ತೆಗೆದುಹಾಕಲು ಸಾಧ್ಯವಿಲ್ಲ. ಕಲಿಯದ ಕೈ ಎಷ್ಟೇ ಪವಿತ್ರವಾಗಿದ್ದರೂ ರೋಗಿಗೆ ಅಪಾಯ ತರಬಲ್ಲದು ಎಂಬುದೇ ಆ ಮುಳ್ಳು.

ಧರ್ಮಸಭೆ ಈ ಮುಳ್ಳಿಗೆ ಉತ್ತರ ಕೊಟ್ಟದ್ದು ಜಗಳದಿಂದಲ್ಲ, ಕಲಿಕೆಯಿಂದ. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ವೈದ್ಯೆಯಾಗಿದ್ದ ಮೇರಿ ಗ್ಲೌರಿ ಎಂಬುವರು 1920ರಲ್ಲಿ ಗುಂಟೂರಿಗೆ ಬಂದು ಕನ್ಯಾಸ್ತ್ರೀಯಾದರು. ಧಾರ್ಮಿಕ ಭಗಿನಿಯೊಬ್ಬರು ವೈದ್ಯವೃತ್ತಿ ನಡೆಸಲು ಆಗ ಜಗದ್ಗುರುಗಳ ವಿಶೇಷ ಅನುಮತಿ ಬೇಕಿತ್ತು. ಅದನ್ನು ಪಡೆದು ಅವರು ಸಾವಿರಾರು ರೋಗಿಗಳನ್ನು ನೋಡಿದರು, ಸ್ಥಳೀಯ ಹೆಣ್ಣುಮಕ್ಕಳಿಗೆ ಶುಶ್ರೂಷೆ ಕಲಿಸಿದರು. ಆಸ್ಟ್ರಿಯಾದ ವೈದ್ಯೆ ಅನ್ನಾ ಡೆಂಗೆಲ್ ಅವರು ರಾವಲ್ಪಿಂಡಿಯಲ್ಲಿ ದುಡಿದ ಅನುಭವದಿಂದ 1925ರಲ್ಲಿ ವೈದ್ಯಕೀಯ ಸೇವೆಗೆಂದೇ ಒಂದು ಭಗಿನಿಯರ ಸಭೆಯನ್ನು ಸ್ಥಾಪಿಸಿದರು. ಕೊನೆಗೆ 1936ರ ಫೆಬ್ರವರಿ 11ರಂದು, ಲೂರ್ದುಮಾತೆಯ ಹಬ್ಬದ ದಿನವೇ, ರೋಮ್ ಒಂದು ಸೂಚನಾಪತ್ರ ಹೊರಡಿಸಿತು. ಪ್ರೇಷಿತ ನಾಡುಗಳ ಭಗಿನಿಯರು ಹೆರಿಗೆಯೂ ಸೇರಿದಂತೆ ವೈದ್ಯಕೀಯ ಸೇವೆಗೆ ಇಳಿಯಬಹುದು, ಅದಕ್ಕೆ ಬೇಕಾದ ವೈದ್ಯ ಮತ್ತು ನರ್ಸಿಂಗ್ ಪದವಿಗಳನ್ನು ಪಡೆಯಬೇಕು ಎಂದು ಅದು ತಿಳಿಸಿತು. ಮೇರಿ ಗ್ಲೌರಿಯವರು 1943ರಲ್ಲಿ ಭಾರತದ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿ, 1957ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಪ್ರಭುವಿನಲ್ಲಿ ನಿದ್ರಿಸಿದರು.

ಹಾಸಿಗೆಯ ಬಳಿಯೇ ಬೆಳೆದ ಶಾಸ್ತ್ರ

ಇಪ್ಪತ್ತನೆಯ ಶತಮಾನದಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆ ಬೆಳೆಯತೊಡಗಿದಾಗ ಒಂದು ವಿಷಯ ಸ್ಪಷ್ಟವಾಯಿತು. ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಅನಂತರದ ಹಗಲು ರಾತ್ರಿಗಳಲ್ಲಿ ರೋಗಿ ನರ್ಸುಗಳ ಕೈಯಲ್ಲಿರುತ್ತಾನೆ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಶಸ್ತ್ರವೈದ್ಯರು 1934ರಲ್ಲಿ ನರವಿಜ್ಞಾನ ಸಂಸ್ಥೆಯನ್ನು ತೆರೆದಾಗ, ನರ್ಸುಗಳ ಹೊಣೆಯನ್ನು ಐಲೀನ್ ಫ್ಲಾನಗನ್ ಅವರಿಗೆ ಒಪ್ಪಿಸಿದರು. ಕಲಿತ ನರ್ಸುಗಳು ಮತ್ತೆ ವಿದ್ಯಾರ್ಥಿಗಳಾಗಿ ಬಂದು ನರರೋಗ ಶುಶ್ರೂಷೆಯ ವಿಶೇಷ ತರಬೇತಿ ಪಡೆಯುವ ಸ್ಥಳ ಅದಾಯಿತು. ಪೆನ್‌ಫೀಲ್ಡ್ ಅವರ ರೋಗಿಗಳಲ್ಲಿ ಅನೇಕರು ಮೂರ್ಛೆರೋಗಿಗಳು. ಮೂರ್ಛೆ ಮೊದಲು ಯಾವ ಬೆರಳಿನಲ್ಲಿ, ಮುಖದ ಯಾವ ಬದಿಯಲ್ಲಿ ಶುರುವಾಯಿತು, ಕಣ್ಣು ಎತ್ತ ತಿರುಗಿತು, ಎಷ್ಟು ನಿಮಿಷವಿತ್ತು ಎಂಬುದನ್ನು ವಾರ್ಡಿನಲ್ಲಿ ಕಣ್ಣಾರೆ ಕಾಣುವವಳು ನರ್ಸ್. ಅವಳ ಬರಹ ಸರಿಯಿದ್ದರೆ ಮೆದುಳಿನಲ್ಲಿ ರೋಗದ ಜಾಗ ಗುರುತಿಸಲು ವೈದ್ಯರಿಗೆ ನೆರವಾಗುತ್ತಿತ್ತು. ಹೆದರಿ ಮುಖ ತಿರುಗಿಸಿದವಳಿಂದ ಅದು ಆಗದು.

ಬೆನ್ನುಹುರಿ ಮುರಿದವರ ಕಥೆ ಇನ್ನೂ ದಾರುಣವಾಗಿತ್ತು. ಅವರಲ್ಲಿ ಬಹುಪಾಲು ಜನ ಗಾಯದಿಂದಲ್ಲ, ಬೆನ್ನಿನ ಹುಣ್ಣು ಮತ್ತು ಮೂತ್ರದ ಸೋಂಕಿನಿಂದ ಸಾಯುತ್ತಿದ್ದರು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯೆಹೂದಿ ವೈದ್ಯ ಲುಡ್ವಿಗ್ ಗುಟ್‌ಮನ್ 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಇವರಿಗಾಗಿ ವಿಭಾಗವೊಂದನ್ನು ಆರಂಭಿಸಿದರು. ಅವರ ಮುಖ್ಯ ಅಸ್ತ್ರಗಳಲ್ಲಿ ಒಂದು ಸರಳವಾದ ನಿಯಮ: ಪ್ರತಿ ಎರಡು ಗಂಟೆಗೊಮ್ಮೆ, ರಾತ್ರಿಯಲ್ಲೂ ತಪ್ಪದೆ, ರೋಗಿಯನ್ನು ಮಗ್ಗುಲು ಬದಲಿಸಬೇಕು. ಅದು ನಡೆಯುತ್ತಿದೆಯೇ ಎಂದು ನೋಡಲು ಅವರೇ ರಾತ್ರಿ ವಾರ್ಡಿಗೆ ಬರುತ್ತಿದ್ದರು. ಸಾಯಲೆಂದು ಕಳುಹಿಸಿದ್ದವರು ಬದುಕಿದರು, ಕೆಲಸಕ್ಕೆ ಹೋದರು, ಆಟವಾಡಿದರು. ಇಂದಿನ ಪ್ಯಾರಾಲಿಂಪಿಕ್ ಕ್ರೀಡೆಗಳ ಬೇರು ಇರುವುದು ಆ ಆಸ್ಪತ್ರೆಯ ಅಂಗಳದಲ್ಲಿ.

1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವೈದ್ಯರಾದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನ್ನೆಟ್ ಪ್ರಜ್ಞೆಯನ್ನು ಅಳೆಯುವ ಒಂದು ಕ್ರಮವನ್ನು ಪ್ರಕಟಿಸಿದರು. ಮರುವರ್ಷವೇ ಅದರ ವಿವರ ನರ್ಸುಗಳ ಪತ್ರಿಕೆಯಲ್ಲೂ ಬಂತು. ಅದಕ್ಕೆ ಮೊದಲು 'ಮಂಪರಿನಲ್ಲಿದ್ದಾನೆ', 'ಅರೆಪ್ರಜ್ಞೆ' ಎಂದೆಲ್ಲ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಿದ್ದರು. ಹಗಲಿನ ನರ್ಸ್ ಬರೆದದ್ದು ರಾತ್ರಿಯ ನರ್ಸಿಗೆ ಅರ್ಥವಾಗುತ್ತಿರಲಿಲ್ಲ. ಗ್ಲಾಸ್ಗೋ ಕ್ರಮದಲ್ಲಿ ನೋಡಬೇಕಾದದ್ದು ಮೂರೇ. ಕಣ್ಣು ಯಾವಾಗ ತೆರೆಯುತ್ತಾನೆ, ಇದಕ್ಕೆ 4 ಅಂಕ. ಮಾತು ಹೇಗಿದೆ, ಇದಕ್ಕೆ 5. ಕೈಕಾಲು ಹೇಗೆ ಆಡಿಸುತ್ತಾನೆ, ಇದಕ್ಕೆ 6. ಪೂರ್ಣ ಎಚ್ಚರವಿದ್ದರೆ 15, ಅತಿ ಕಡಿಮೆಯೆಂದರೆ 3. ಒಂದು ಗಂಟೆಯ ಹಿಂದೆ 14 ಇದ್ದದ್ದು ಈಗ 12 ಆಗಿದ್ದರೆ ನರ್ಸ್ ಕೂಡಲೇ ವೈದ್ಯರನ್ನು ಕರೆಯುತ್ತಾಳೆ. ತಲೆಯೊಳಗೆ ರಕ್ತಸ್ರಾವವಾಗುತ್ತಿರಬಹುದು. ಪ್ರಜ್ಞೆಯಿಲ್ಲದವನ ಮುಖಕ್ಕೆ ಬಟ್ಟೆ ಮುಚ್ಚುವ ಮೊದಲು ಕಾಲು ಗಂಟೆ ಕಾಯಿರಿ ಎಂದ ಸಂತ ಕಮಿಲ್ಲಸರ ನೆನಪು ನಮಗೆ ಇಲ್ಲಿ ಬಾರದಿರದು.

ವೆಲ್ಲೂರಿನಿಂದ ಬೆಂಗಳೂರಿಗೆ

ನಮ್ಮ ದೇಶಕ್ಕೆ ಈ ವಿದ್ಯೆ ಬಂದ ದಾರಿಯೂ ಕ್ರೈಸ್ತ ಸೇವೆಯ ದಾರಿಯೇ. ನರ್ಸಿಂಗ್ ಪದವಿ ಶಿಕ್ಷಣ ಭಾರತದಲ್ಲಿ 1946ರಲ್ಲಿ ಆರಂಭವಾದಾಗ, ಅದಕ್ಕೆ ಮೊದಲು ಕೈಹಾಕಿದವು ದೆಹಲಿ ಮತ್ತು ವೆಲ್ಲೂರಿನ ಕಾಲೇಜುಗಳು. 1947ರಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು. 1949ರಲ್ಲಿ ಡಾ. ಜೇಕಬ್ ಚಾಂಡಿಯವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ದೇಶದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು ತೆರೆದರು. ಅವರು ಪೆನ್‌ಫೀಲ್ಡ್ ಅವರ ಬಳಿ, ಅದೇ ಮಾಂಟ್ರಿಯಲ್ ಸಂಸ್ಥೆಯಲ್ಲಿ ಕಲಿತು ಬಂದವರು.

ಬೆಂಗಳೂರಿನಲ್ಲಿ ಇದಕ್ಕೆ ನೆಲೆಯಾದದ್ದು ಹೊಸೂರು ರಸ್ತೆಯ ಸರ್ಕಾರಿ ಮಾನಸಿಕ ಆಸ್ಪತ್ರೆ. ಹಿಂದೆ ಡಾ. ಫ್ರಾಂಕ್ ನೊರೊನ್ಹಾ ಅವರು ಅದರ ಮೇಲ್ವಿಚಾರಕರಾಗಿದ್ದರು. 1954ರಲ್ಲಿ ಅದರೊಂದಿಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಡಾ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ಆ ದಶಕದಲ್ಲಿಯೇ ವೈದ್ಯರ ಜೊತೆ ನರ್ಸುಗಳಿಗೂ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಶಿಕ್ಷಣ ಅಲ್ಲಿ ಮೊದಲಾಯಿತು. ಡಾ. ಆರ್. ಎಂ. ವರ್ಮಾ ಅವರು ನರಶಸ್ತ್ರಚಿಕಿತ್ಸೆಯನ್ನು ಬೆಳೆಸಿದರು. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆಯಿತು.

ನಮ್ಮ ಸ್ವಂತ ಆಸ್ಪತ್ರೆಗಳ ಇತಿಹಾಸವೂ ಇದರೊಂದಿಗೆ ಹೆಣೆದುಕೊಂಡಿದೆ. ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಫಾದರ್ ಮುಲ್ಲರ್ ಅವರು 1880ರಲ್ಲಿ ಆಲದ ಮರದಡಿ ಔಷಧ ಕೊಡಲು ಶುರುಮಾಡಿದ್ದು ನಮಗೆಲ್ಲ ಗೊತ್ತು. ಬೆಂಗಳೂರಿನಲ್ಲಿ ಗುಡ್ ಶೆಪರ್ಡ್ ಭಗಿನಿಯರು 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆ ತೆರೆದರು. 1963ರಲ್ಲಿ ಭಾರತದ ಧರ್ಮಾಧ್ಯಕ್ಷರು ಸಂತ ಜಾನರ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಮರದಡಿಯ ಔಷಧಿಯಿಂದ ಕಾಲೇಜಿನವರೆಗಿನ ಈ ಪಯಣವೇ, ಕರುಣೆ ಕಲಿಕೆಯ ಕೈಹಿಡಿದ ಕಥೆ.

ಇಂದು ಜನರಲ್ ನರ್ಸಿಂಗ್ ಅಥವಾ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವರು ಅಲ್ಲಿಗೇ ನಿಲ್ಲಬೇಕಾಗಿಲ್ಲ. ನರವಿಜ್ಞಾನ ಶುಶ್ರೂಷೆಯಲ್ಲಿ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗೆ ನರ್ಸಿಂಗ್ ಕೌನ್ಸಿಲ್ ಪಠ್ಯಕ್ರಮ ರೂಪಿಸಿದೆ. ಎರಡು ವರ್ಷದ ಎಂ.ಎಸ್ಸಿ. ನರ್ಸಿಂಗಿನಲ್ಲೂ ನರವಿಜ್ಞಾನವನ್ನು ವಿಶೇಷ ವಿಷಯವಾಗಿ ಓದಬಹುದು. ಅಲ್ಲಿ ಕಲಿಸುವುದೇನು? ಕಣ್ಣಿನ ಪಾಪೆ ಬೆಳಕಿಗೆ ಹೇಗೆ ಕುಗ್ಗುತ್ತದೆ ಎಂದು ನೋಡುವುದು. ತಲೆಯೊಳಗಿನ ಒತ್ತಡ ಏರುವ ಸೂಚನೆಗಳನ್ನು ಗುರುತಿಸುವುದು. ಬೆನ್ನುಮೂಳೆ ಮುರಿದವನನ್ನು ಮರದ ದಿಮ್ಮಿಯಂತೆ ಒಂದೇ ಸಲಕ್ಕೆ ಹೊರಳಿಸುವುದು. ಮಾತು ಕಳೆದುಕೊಂಡವನೊಂದಿಗೆ ಚಿತ್ರ ತೋರಿಸಿ, ಸನ್ನೆ ಮಾಡಿ ಮಾತನಾಡುವುದು. ಮನೆಯವರಿಗೆ ಮುಂದಿನ ಆರೈಕೆ ಕಲಿಸುವುದು.

ಜ್ವರ, ಸಕ್ಕರೆ, ನುಂಗುವಿಕೆ

ಇಷ್ಟೆಲ್ಲ ಓದಿನಿಂದ ರೋಗಿಗೆ ನಿಜವಾಗಿ ಏನು ಲಾಭ ಎಂದು ಕೇಳುವವರಿಗೆ ಒಂದು ಉತ್ತರವಿದೆ. ಆಸ್ಟ್ರೇಲಿಯಾದ ಕಥೋಲಿಕ ವಿಶ್ವವಿದ್ಯಾಲಯ ಮತ್ತು ಸಂತ ವಿನ್ಸೆಂಟರ ಆಸ್ಪತ್ರೆಯ ನರ್ಸ್ ಪ್ರಾಧ್ಯಾಪಕಿ ಸ್ಯಾಂಡಿ ಮಿಡಲ್ಟನ್ ಅವರು, ನ್ಯೂ ಸೌತ್ ವೇಲ್ಸ್ ರಾಜ್ಯದ 19 ಲಕ್ವ ಚಿಕಿತ್ಸಾ ಘಟಕಗಳಲ್ಲಿ ಸಂಗಡಿಗರೊಂದಿಗೆ ಒಂದು ಅಧ್ಯಯನ ನಡೆಸಿದರು. 1857ರಲ್ಲಿ ಕರುಣೆಯ ಭಗಿನಿಯರು ಸಿಡ್ನಿಯಲ್ಲಿ ಬಡವರಿಗಾಗಿ ತೆರೆದ ಆಸ್ಪತ್ರೆ ಅದು. ಕೆಲವು ಘಟಕಗಳ ನರ್ಸುಗಳಿಗೆ ಮೂರು ವಿಷಯಗಳಲ್ಲಿ ವಿಶೇಷ ತರಬೇತಿ ಕೊಟ್ಟರು. ಜ್ವರ ಬಂದರೆ ಕೂಡಲೇ ಇಳಿಸುವುದು, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವುದು, ಬಾಯಿಗೆ ಏನನ್ನೂ ಕೊಡುವ ಮೊದಲು ನುಂಗುವ ಶಕ್ತಿಯನ್ನು ಪರೀಕ್ಷಿಸುವುದು. ಇದರಲ್ಲಿ ಹೊಸ ಔಷಧಿಯಿಲ್ಲ, ದುಬಾರಿ ಯಂತ್ರವಿಲ್ಲ.

2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೂರು ತಿಂಗಳ ನಂತರ ಸತ್ತವರು ಅಥವಾ ಇತರರ ಮೇಲೆ ಅವಲಂಬಿತರಾಗಿ ಉಳಿದವರು, ತರಬೇತಿಯಿಲ್ಲದ ಘಟಕಗಳಲ್ಲಿ ನೂರಕ್ಕೆ 58 ಮಂದಿ. ತರಬೇತಿ ಪಡೆದ ಘಟಕಗಳಲ್ಲಿ ನೂರಕ್ಕೆ 42 ಮಂದಿ. ಅಂದರೆ ನೂರರಲ್ಲಿ 16 ಮಂದಿಯ ವ್ಯತ್ಯಾಸ. ಹದಿನಾರು ತಂದೆಯರು, ತಾಯಂದಿರು, ಅಜ್ಜಂದಿರು ಎಂದು ಓದಿಕೊಳ್ಳಿ. ಆ ಹಿರಿಯರ ಗಂಟಲ ಮೇಲೆ ಬೆರಳಿಟ್ಟ ನೆರೆಮನೆಯ ಮಗಳು ಮಾಡಿದ್ದು ಈ ಮೂರನೆಯ ಕೆಲಸವನ್ನೇ. ಕನ್ಯಾಸ್ತ್ರೀಯರಿಗೆ ವಿಜ್ಞಾನ ಬಾರದು ಎಂದು ಒಂದು ಕಾಲದಲ್ಲಿ ಕೇಳಿಬಂದ ಆಪಾದನೆಗೆ, ಕನ್ಯಾಸ್ತ್ರೀಯರೇ ಬಿತ್ತಿದ ಸಂಸ್ಥೆಯಿಂದ ಬಂದ ಉತ್ತರವೆಂದು ಇದನ್ನು ನಾವು ಸಂತೋಷದಿಂದ ಸ್ವೀಕರಿಸಬಹುದು.

ಮಂಚದ ನಾಲ್ಕು ಮೂಲೆಗಳು

ಪ್ರಿಯ ಸಹೋದರ ಸಹೋದರಿಯರೇ, 2005ರ ಪಾಸ್ಕ ಹಬ್ಬದಂದು ಜಗದ್ಗುರು ಎರಡನೆಯ ಜಾನ್ ಪೌಲರು ಕಿಟಕಿಯ ಬಳಿ ಬಂದು ಜನರನ್ನು ಆಶೀರ್ವದಿಸಲು ಬಾಯ್ತೆರೆದರು, ಮಾತು ಹೊರಡಲಿಲ್ಲ. ಪಾರ್ಕಿನ್ಸನ್ ಕಾಯಿಲೆ ಅವರನ್ನು ವರ್ಷಗಳಿಂದ ಕಾಡಿತ್ತು. ಕೈಯೆತ್ತಿ ಮೌನವಾಗಿ ಹರಸಿದರು. ಕೆಲವೇ ದಿನಗಳಲ್ಲಿ, ಏಪ್ರಿಲ್ 2ರಂದು ತೀರಿಕೊಂಡರು. ಲೂರ್ದುಮಾತೆಯ ಹಬ್ಬವನ್ನು ರೋಗಿಗಳ ವಿಶ್ವದಿನವಾಗಿ 1992ರಲ್ಲಿ ಘೋಷಿಸಿದವರೂ ಅವರೇ. ನರರೋಗ ಬಂದವನ ಘನತೆ ಕುಂದುವುದಿಲ್ಲ ಎಂದು ಅವರು ತಮ್ಮ ನಡುಗುವ ದೇಹದಿಂದಲೇ ಬೋಧಿಸಿದರು. ಆ ಘನತೆಯನ್ನು ಕಾಯುವ ಕೈಗಳನ್ನು ತಯಾರು ಮಾಡುವುದು ಈಗ ನಮ್ಮ ಪಾಲಿನ ಕೆಲಸ.

ನಮ್ಮ ಮನೆಗಳಲ್ಲಿ ನರ್ಸಿಂಗ್ ಓದುವ ಮಕ್ಕಳಿಗೆ ಕೊರತೆಯಿಲ್ಲ. ಆದರೆ ಡಿಪ್ಲೊಮಾ ಅಥವಾ ಪದವಿ ಮುಗಿದ ಕೂಡಲೇ ಮನೆಯ ಸಾಲ, ತಂಗಿಯ ಮದುವೆ, ಗಲ್ಫ್ ವೀಸಾ ಎಂಬ ಒತ್ತಡ ಬರುತ್ತದೆ. ಇನ್ನೂ ಒಂದು ವರ್ಷ ಓದುತ್ತೇನೆ ಎಂದರೆ "ಇಷ್ಟು ಓದಿದ್ದು ಸಾಲದೇ ಮಗಳೇ" ಎನ್ನುತ್ತೇವೆ. ತಂದೆತಾಯಂದಿರ ಕಷ್ಟ ನಮಗೆ ತಿಳಿಯದ್ದಲ್ಲ. ಆದ್ದರಿಂದಲೇ ಈ ಹೊರೆಯನ್ನು ಒಂದು ಮನೆಯ ಮೇಲೆ ಬಿಡಬಾರದು. ಧರ್ಮಕೇಂದ್ರದ ಹಬ್ಬದ ಪಟಾಕಿ, ದೀಪಾಲಂಕಾರದ ಖರ್ಚಿನಲ್ಲಿ ಒಂದು ಪಾಲನ್ನು ತೆಗೆದಿಟ್ಟರೆ, ಒಬ್ಬ ನರ್ಸಿನ ಮುಂದಿನ ಓದಿಗೆ ನೆರವಾಗಬಹುದು. ನಮ್ಮ ಆಸ್ಪತ್ರೆಗಳನ್ನು ನಡೆಸುವವರಲ್ಲೂ ಒಂದು ವಿನಂತಿ. ವಿಶೇಷ ತರಬೇತಿ ಪಡೆದವರನ್ನು ಅದೇ ವಾರ್ಡಿನಲ್ಲಿ ಉಳಿಸಿಕೊಳ್ಳಿ, ಅವರ ವಿದ್ಯೆಗೆ ತಕ್ಕ ಸಂಬಳ ಕೊಡಿ. ಇಲ್ಲದಿದ್ದರೆ ಮುಂದೆ ಓದುವ ಮನಸ್ಸು ಯಾರಿಗೆ ಬರುತ್ತದೆ?

ಮನೆಯಲ್ಲಿರುವ ನಾವೂ ಸ್ವಲ್ಪ ಕಲಿಯಬೇಕು. ಒಬ್ಬರ ಬಾಯಿ ಇದ್ದಕ್ಕಿದ್ದಂತೆ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಅದು ಲಕ್ವವಿರಬಹುದು. ಹಲವರಿಗೆ ರಕ್ತದ ಗೆಡ್ಡೆ ಕರಗಿಸುವ ಚುಚ್ಚುಮದ್ದಿನಿಂದ ಗುಣವಾಗುವ ಸಾಧ್ಯತೆಯಿದೆ. ಆದರೆ ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾಟಿ ಮದ್ದು ಹುಡುಕುತ್ತಾ, ಬೆಳಗಾಗಲಿ ಎಂದು ಕಾಯುತ್ತಾ ಆ ಗಂಟೆಗಳನ್ನು ಕಳೆಯಬೇಡಿ. ಅಂಥವರ ಬಾಯಿಗೆ ನೀರು, ಗಂಜಿ, ಮಾತ್ರೆ ಏನನ್ನೂ ಹಾಕಬೇಡಿ. ತಲೆ ಸ್ಕ್ಯಾನ್ ಮಾಡುವ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಿರಿ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಆ ಗಳಿಗೆಯಲ್ಲಿ ಒಂದು 'ನಮೋ ಮರಿಯಾ' ಹೇಳಿಕೊಳ್ಳಿ.

ಕಫೆರ್ನವುಮಿನ ಆ ರೋಗಿಯ ಹಾಸಿಗೆಗೆ ನಾಲ್ಕು ಮೂಲೆಗಳಿದ್ದವು. ಇಂದು ಒಂದನ್ನು ವೈದ್ಯರು ಹಿಡಿದಿದ್ದಾರೆ, ಒಂದನ್ನು ಕಲಿತ ನರ್ಸ್, ಒಂದನ್ನು ಮನೆಯವರು. ನಾಲ್ಕನೆಯದನ್ನು ಧರ್ಮಕೇಂದ್ರದ ನಾವು ಹಿಡಿಯಬೇಕು. ಒಂದು ಕೈ ಸಡಿಲಿದರೂ ಹಾಸಿಗೆ ವಾಲುತ್ತದೆ, ಅದರ ಮೇಲಿರುವವನು ಬೀಳುತ್ತಾನೆ. ಹಿಡಿಯುವ ಮನಸ್ಸನ್ನೂ, ಹಿಡಿಯುವುದು ಹೇಗೆಂಬ ವಿದ್ಯೆಯನ್ನೂ ಪ್ರಭು ಯೇಸು ನಮಗೆ ಅನುಗ್ರಹಿಸಲಿ. ರೋಗಿಗಳ ಆರೋಗ್ಯವಾದ ಮಾತೆ ಮರಿಯಮ್ಮನವರೂ ಸಂತ ಕಮಿಲ್ಲಸರೂ ನಮ್ಮ ಎಲ್ಲ ನರ್ಸುಗಳಿಗಾಗಿ, ಅವರ ಕೈಯಲ್ಲಿರುವ ಎಲ್ಲ ರೋಗಿಗಳಿಗಾಗಿ ಪ್ರಾರ್ಥಿಸಲಿ. ಆಮೆನ್.